ಧಂದೆಕ್ಕ ತಗೊಂಡ ಮಷೀನು

ನಮ್ಮ ಪಕ್ಕದ ಮನೆಯ ಚನ್ನಬಸಯ್ಯನವರಿಗೆ ಬೇಕಾಗಿದ್ದದ್ದು ಬಾಗಿಲ ಮೇಲಿನ ಗೋಡೆಗೆ ಎರಡು ತೂತು, ಅಷ್ಟೇ. ಮಗಳು ರಾಜೇಶ್ವರಿಯ ಸಂಬಂಧದ ಮಾತು ಮುದ್ದೇಬಿಹಾಳದ ಕಡೆ ನಡೆದಿತ್ತು. ಹುಡುಗ ಸಂಜೀವಕುಮಾರ ಹುಬ್ಬಳ್ಳಿಯಲ್ಲಿ ಕಂಪನಿ ನೌಕರಿ, ಕೊರಳಿಗೆ ಟೈ. ಹುಡುಗ ಹುಡುಗಿ ನೋಡಿ ಒಪ್ಪಿಯಾಗಿತ್ತು. ಇನ್ನು ಬೀಗರು ಬಾಗೇವಾಡಿಗೆ ಬಂದು ಮಾತು ಪಕ್ಕಾ ಮಾಡುವುದೊಂದು ಬಾಕಿ. ಅವರು ಪಡಸಾಲೆಯಲ್ಲಿ ಕೂತಾಗ ಅಡುಗೆಮನೆ ಕಾಣಬಾರದು, ಪರದೆ ಹಾಕಿರಿ ಎಂದು ಹೆಂಡತಿ ಸುನಂದಾಬಾಯಿ ಗಂಟು ಬಿದ್ದಿದ್ದರು. ಗೋಡೆಗೆ ತೂತು ಹಾಕುವ ಪರಶು "ನಾಳಿ ಬರ್ತೇನ್ರಿ" ಎಂದು ಹೇಳಿ ಹೇಳಿ ಕಡೆಗೆ ಫೋನು ಎತ್ತುವುದನ್ನೇ ಬಿಟ್ಟಿದ್ದ.

ನೀವು ನಾವು ಆಗಿದ್ದರೆ ಇನ್ನೊಬ್ಬನನ್ನು ಕರೆಯುತ್ತಿದ್ದೆವು. ಚನ್ನಬಸಯ್ಯನವರು ಮೊಬೈಲು ತೆಗೆದು ವಿಡಿಯೋ ನೋಡಲು ಕೂತರು. ಅವರು ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ, ಆ ಕಚೇರಿಯ ತಪ್ಪು ಇದರಲ್ಲಿ ಏನೂ ಇಲ್ಲ. ಎಷ್ಟೋ ವರ್ಷದಿಂದ ತೆಗೆಯದೆ ಉಳಿದಿದ್ದ ರಜೆಯನ್ನು ಮಗಳ ಮಾತುಕತೆಯ ನೆವದಲ್ಲಿ ಒಮ್ಮೆಲೇ ಹಾಕಿದ್ದರು. ಹೀಗಾಗಿ ಪುರುಸೊತ್ತಿಗೆ ಬರವಿರಲಿಲ್ಲ. ವಯರಿಲ್ಲದ ಡ್ರಿಲ್ ಮಷೀನುಗಳ ಬಗ್ಗೆ ಹಿಂದಿಯಲ್ಲಿ ಯಾರು ಯಾರು ಏನೇನು ಹೇಳಿದ್ದಾರೋ ಅದನ್ನೆಲ್ಲ ಕೇಳಿದರು. ಬೆಳಿಗ್ಗೆ ನಾನು ಹಲ್ಲುಜ್ಜುತ್ತ ನಿಂತರೆ ಕಂಪೌಂಡಿನ ಆ ಕಡೆಯಿಂದ ಉಪನ್ಯಾಸ ಶುರು.

"ಟಾರ್ಕ್ ನೋಡಬೇಕ್ರಿ ಮೊದಲ! ಬರೇ ವೋಲ್ಟ್ ನೋಡಿ ತಗೊಂಡಾವ ಹಾಳಾದ!"

ನನ್ನ ಬಾಯ್ತುಂಬ ಪೇಸ್ಟು. ಹಾಳಾಗುವುದಿಲ್ಲ ಎಂದು ತಲೆಯಾಡಿಸಿದೆ.

ಬಾಗೇವಾಡಿಯಲ್ಲಿ ಕೊಂಡರೆ ಚೌಕಾಶಿ ಮಾಡಿದ್ದು ಓಣಿಗೆಲ್ಲ ತಿಳಿಯುತ್ತದೆಂದು ಅವರು ಬಸ್ಸು ಹತ್ತಿ ಸಿಂದಗಿಗೆ ಹೋದರು. ಅಲ್ಲಿ ಅಮೀನುದ್ದೀನ ಸಾಹೇಬರದು ಹಾರ್ಡ್‌ವೇರ್ ಅಂಗಡಿ. ನಾನು ಜೊತೆಗಿರಲಿಲ್ಲ, ಆದದ್ದನ್ನು ಸಾಹೇಬರೇ ಆಮೇಲೆ ನನಗೆ ಹೇಳಿದರು. ಅವರು ನೇರ ಮನುಷ್ಯ, ಮೂರು ಮಷೀನು ತೆಗೆದು ಸಾಲಾಗಿ ಇಟ್ಟರಂತೆ.

"ಮನಿಗೇನ್ರಿ, ಧಂದೆಕ್ಕೇನ್ರಿ? ಬರೇ ಮನಿಗೆ ಆದ್ರ ಈ ಸಣ್ಣದು ನೋಡ್ರಿ. ಹಗೂರ ಐತಿ, ಸ್ಕ್ರೂ ಬಿಗೀತೈತಿ, ಕಟಗಿ ಕೊರೀತೈತಿ. ಗ್ವಾಡಿಗೂ ಹೊಡೀಬೇಕಂದ್ರ ಈ ನಡೂಕಿಂದು, ಹ್ಯಾಮರ್ ಐತಿ, ಬ್ಯಾಟರಿ ಒಂದ. ದಿನಾ ಅದ ಕೆಲಸಾ ಮಾಡಾವ್ರಿಗೆ ಈ ದೊಡ್ಡದು. ಎರಡ ಬ್ಯಾಟರಿ ಕೊಡ್ತಾರ, ಒಂದು ಚಾರ್ಜಿಗೆ ಇಟ್ಟು ಇನ್ನೊಂದ್ರಿಂದ ಕೆಲಸಾ ನಡಸಬೌದು. ನನ್ನ ಕೇಳಿದ್ರ ನಿಮಗ ನಡೂಕಿಂದು ಬರೋಬ್ಬರಿ. ಸುಮ್ಮ ರೊಕ್ಕಾ ಹಾಳ ಮಾಡ್ಕೋಬ್ಯಾಡ್ರಿ."

ಚನ್ನಬಸಯ್ಯನವರೂ ಇಷ್ಟು ದಿನ ವಿಡಿಯೋ ನೋಡಿ ನೋಡಿ ಅದೇ ನಡುವಿನದಕ್ಕೆ ಬಂದು ನಿಂತಿದ್ದರು. ಅದಕ್ಕೇ ಕೈ ಚಾಚಿದ್ದರು ಕೂಡ. ಅಷ್ಟರಲ್ಲಿ ಪಕ್ಕದಲ್ಲಿ ಮೊಳೆ ತೂಗಿಸುತ್ತಿದ್ದ ಒಬ್ಬ ಹರೆಯದ ಮೇಸ್ತ್ರಿ ನಕ್ಕ.

"ಸಣ್ಣದ ಕೊಟ್ಟ ಕಳಸ್ರಿ ಕಾಕಾ. ಸಾಹೇಬ್ರು ಮನ್ಯಾಗ ಕ್ಯಾಲೆಂಡರ್ ತೂಗ ಹಾಕ್ತಾರ."

ಮುಗಿಯಿತು. ಚಾಚಿದ ಕೈ ದೊಡ್ಡದರ ಮೇಲೆ ಬಿತ್ತು.

"ಇದ ಕೊಡ್ರಿ. ಧಂದೆಕ್ಕ ಬೇಕಾಗೇತಿ ನನಗ."

"ನಿಮಗ? ಯಾವ ಧಂದೆರಿ?" ಎಂದರು ಅಮೀನುದ್ದೀನ ಸಾಹೇಬರು.

"ತೂತು ಹಾಕೂ ಧಂದೆ! ಮತ್ಯಾವುದು? ಇನ್ನ ಮ್ಯಾಲಿಂದ ಇದ ನನ್ನ ಧಂದೆ!"

ಮೇಸ್ತ್ರಿಗೆ ಚೆನ್ನಾಗಿ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದರು. ಮೇಸ್ತ್ರಿಗೂ ಕೇಳಿತು, ಪ್ಲಾಸ್ಟಿಕ್ ಪೈಪುಗಳ ಸಾಲಿನ ಹಿಂದೆ ಬಾವಿಯ ಪಂಪಿಗೆ ವಾಲ್ವು ಆರಿಸುತ್ತ ನಿಂತಿದ್ದ ಗುಂಡವ್ವನಿಗೂ ಕೇಳಿತು.

ಗುಂಡವ್ವ ಯಾರೆಂದರೆ ಸುನಂದಾಬಾಯಿಯವರ ಚಿಕ್ಕಮ್ಮ, ಮೋರಟಗಿಯವಳು. ಎದುರಿಗೆ ಬಂದು "ಏನ್ರಿ ಅಳಿಯಾರ, ಆರಾಮೇನ್ರಿ?" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವಳದು ಬಹಳ ಮರ್ಯಾದೆಯ ಜೀವ. ಸರ್ಕಾರಿ ನೌಕರಿ ಇದ್ದವನು ತೂತು ಹಾಕುವ ಧಂದೆ ಯಾಕೆ ಹಿಡಿಯುತ್ತಾನೆ? ನೌಕರಿ ಹೋಗಿದ್ದರೆ ತಾನೆ? ಪಾಪ, ಯಾರಿಗೂ ಗೊತ್ತಾಗಬಾರದೆಂದು ಸಿಂದಗಿಯ ತನಕ ಬಂದಿದ್ದಾರೆ, ಈಗ ನಾನು ಕಣ್ಣಿಗೆ ಬಿದ್ದರೆ ಎಷ್ಟು ನಾಚಿಕೆಪಟ್ಟಾರು ಎಂದು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಪೈಪುಗಳ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತಳು. ಅವರು ಹೋದ ಮೇಲೆ ಹೊರಗೆ ಬಂದು ಸಾಹೇಬರನ್ನು ಕೇಳಿದಳು.

"ಯಣ್ಣಾ, ಅವರು ಖರೇನ ಧಂದೆಕ್ಕ ಒಯ್ದ್ರೇನೋ?"

"ಹೌದಬೇ. ಎರಡ ಬ್ಯಾಟರಿದ ಒಯ್ದಾರ."

ಎರಡು ಬ್ಯಾಟರಿ ಎಂದ ಮೇಲೆ ಇನ್ನೇನು ಉಳಿಯಿತು? ಗುಂಡವ್ವ ವಾಲ್ವು ಅಲ್ಲಿಯೇ ಮರೆತು, ಬಸ್ಸಿನಲ್ಲಿ ಅಳುತ್ತ ಮೋರಟಗಿಗೆ ಹೋದಳು. ಅವಳು ಯಾರಿಗೂ ಹೇಳಲಿಲ್ಲ. "ಯಾರಿಗೂ ಹೇಳಬ್ಯಾಡ" ಎಂದು ಅಕ್ಕತಂಗಿಯರಿಗೆ ಮಾತ್ರ ಫೋನು ಮಾಡಿದಳು. ಸುದ್ದಿ ಅಗರಖೇಡಕ್ಕೆ ಮುಟ್ಟಿದಾಗ ಚನ್ನಬಸಯ್ಯನವರು ಸಸ್ಪೆಂಡಾಗಿದ್ದರು. ಇಂಡಿಗೆ ಮುಟ್ಟುವ ಹೊತ್ತಿಗೆ ಡಿಸ್ಮಿಸ್ ಆದರು.

ಇತ್ತ ಬಾಗೇವಾಡಿಯಲ್ಲಿ ಅವರು ಮಷೀನಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಏಣಿ ಹತ್ತಿದ್ದರು. ಮಷೀನು ಗುರ್ರೆಂದಿತು. ಗೋಡೆ ಮಾತ್ರ ಹಾಗೇ ಇತ್ತು. ಅವರು ಎದೆಗೊಟ್ಟು ಒತ್ತಿದರು, ಗೋಡೆಗೆ ಒಳ್ಳೆಯ ಹೊಳಪು ಬಂತು. ಕೆಳಗೆ ಏಣಿ ಹಿಡಿದಿದ್ದ ರಾಜೇಶ್ವರಿ ಸ್ವಲ್ಪ ಹೊತ್ತು ನೋಡಿ ಹೇಳಿದಳು.

"ಅಪ್ಪಾ, ಅದು ಉಲ್ಟಾ ತಿರಗಾಕತ್ತೈತಿ."

"ನನಗ ಗೊತ್ತಿಲ್ಲೇನು? ಮೊದಲ ಹಂಗ ಜಾಗಾ ಮಾಡ್ಕೋಬೇಕು!" ಎಂದು ಗುಂಡಿ ಬದಲಿಸಿದರು. ಈ ಸಲ ಮಷೀನು ಸುಲಭವಾಗಿ ಒಳಗೆ ಹೋಯಿತು, ಜೊತೆಗೆ ಊಟದ ತಾಟಿನಷ್ಟು ಗಿಲಾವು ಕೆಳಗೆ ಬಂತು.

ಆಗಲೇ ಅಗರಖೇಡದಿಂದ ಸುನಂದಾಬಾಯಿಯವರ ತಮ್ಮ ಶ್ರೀಶೈಲ ಒಂದು ಚೀಲ ಬಿಳಿಜೋಳ, ಒಂದು ಬುಟ್ಟಿ ಲಿಂಬೆಹಣ್ಣು ಹೊತ್ತುಕೊಂಡು ಬಂದ. ನಮ್ಮ ಕಡೆ ಒಂದು ರೀತಿ ಇದೆ. ಯಾರದಾದರೂ ಮನೆಗೆ ಕಷ್ಟ ಬಂದರೆ ಹೋಗಿ ಮಾತಾಡಿಸಿಕೊಂಡು ಬರಬೇಕು. ಆದರೆ ಆ ಕಷ್ಟದ ಮಾತನ್ನು ಮಾತ್ರ ಎತ್ತಬಾರದು. ಬರಿಗೈಲಿ ಹೋಗಬಾರದು, ಕೂತು ಮಳೆ ಬೆಳೆ ಮಾತಾಡಬೇಕು, ಎದ್ದು ಹೊರಡುವಾಗ ಬೆನ್ನ ಮೇಲೆ ಕೈ ಇಟ್ಟು "ಧೈರ್ಯದಿಂದ ಇರ್ರಿ" ಎಂದು ಹೊರಬೀಳಬೇಕು. ಈ ರೀತಿಯಿಂದ ಎಷ್ಟೋ ಜನರ ಮಾನ ಉಳಿದಿದೆ. ಚನ್ನಬಸಯ್ಯನವರ ಮಾನ ಹೋದದ್ದೂ ಇದರಿಂದಲೇ.

ಶ್ರೀಶೈಲ ಒಳಗೆ ಬಂದು ನೋಡುತ್ತಾನೆ, ಕಚೇರಿಯ ಹೊತ್ತಿನಲ್ಲಿ ಮಾಮ ಬನಿಯನ್, ಲುಂಗಿಯಲ್ಲಿ ಏಣಿಯ ತುದಿಯಲ್ಲಿದ್ದಾರೆ, ಮೀಸೆಯ ತುಂಬ ಸುಣ್ಣ. ಚೀಲ ಕೆಳಗಿಟ್ಟು ಮೆಲ್ಲಗೆ ಕೇಳಿದ.

"ಹೆಂಗ ನಡದೈತ್ರಿ ಮಾಮಾರ?"

"ಭಾರಿ ನಡದೈತಪಾ! ಎರಡ ಬ್ಯಾಟರಿ!"

"ಇದ್ರ ಮ್ಯಾಲೆ... ಸಾಗ್ತೈತೇನ್ರಿ?"

"ಸಾಗ್ತೈತಿ ಅಂತೀಯಲ್ಲೋ, ಓಡ್ತೈತಿ!"

ಇಂಥ ಹೊತ್ತಿನಲ್ಲಿಯೂ ನಗುವ ಮನುಷ್ಯನನ್ನು ನೋಡಿ ಶ್ರೀಶೈಲ ಆ ಕಡೆ ತಿರುಗಿ ಕಣ್ಣೊರೆಸಿಕೊಂಡ. ಕೈಗೆ ರೊಕ್ಕ ಕೊಟ್ಟರೆ ಮಾಮ ನೊಂದುಕೊಳ್ಳುತ್ತಾರೆ, ಕೆಲಸ ಕೊಟ್ಟರೆ ಹಾಗಾಗಲಿಕ್ಕಿಲ್ಲ ಎಂದು ಅವನಿಗೆ ಹೊಳೆಯಿತು.

"ನಮ್ಮ ಮನ್ಯಾಗೂ ಒಂದೀಟು ತೂತು ಹಾಕೂದೈತ್ರಿ. ನೀವ ಬರಬೇಕು."

"ಅದಕ್ಕೇನು, ಬರ್ತೇನಿ. ಎಲ್ಲೆ ಹಾಕಬೇಕು?"

ಶ್ರೀಶೈಲ ಅಷ್ಟು ಮುಂದಕ್ಕೆ ಯೋಚಿಸಿರಲಿಲ್ಲ. "ನಿಮಗ ಎಲ್ಲೆ ಬೇಕ ಅನಸ್ತೈತಿ ಅಲ್ಲೆ ಹಾಕ್ರಿ."

ಚನ್ನಬಸಯ್ಯನವರು ಅಗರಖೇಡಕ್ಕೆ ಹೋಗಿ ಬೇಕೆನಿಸಿದಲ್ಲೆಲ್ಲ ಹಾಕಿ ಬಂದರು. ಅಲ್ಲಿಂದ ಇಂಡಿಯ ಷಡ್ಡಕರು ಕರೆಸಿಕೊಂಡರು, ಆಮೇಲೆ ಮೋರಟಗಿಯವರು. ಕೂಲಿ ಎಂದು ಯಾರಾದರೂ ಕೈ ಮುಂದೆ ಮಾಡಿದರೆ "ಛೇ ಛೇ, ನಮ್ಮವರ ಹತ್ರ ತಗೊಳ್ಳೂದೇನು!" ಎನ್ನುತ್ತಿದ್ದರು. ಈ ಬಡತನದಲ್ಲಿಯೂ ಎಂಥ ಸ್ವಾಭಿಮಾನ ಎಂದು ಜನ ಇನ್ನಷ್ಟು ಕರಗಿದರು. ಗುಂಡವ್ವ ಒಂದು ದಿನ ಬಂದು ಸುನಂದಾಬಾಯಿಗೆ ಉಡಿ ತುಂಬಿ, ಬೆಲ್ಲದ ಪೆಂಟೆ ಇಟ್ಟು, ತಬ್ಬಿಕೊಂಡು ಅತ್ತೇ ಅತ್ತಳು. ಮಗಳ ಮದುವೆ ಹತ್ತಿರ ಬಂತೆಂದು ಅಳುತ್ತಿದ್ದಾಳೆ ಎಂದುಕೊಂಡು ಸುನಂದಾಬಾಯಿಯೂ ಜೊತೆಗೆ ಅತ್ತರು.

"ನೋಡಿದ್ಯಾ ಸುನಂದಾ ನನ್ನ ಕಿಮ್ಮತ್ತು?" ಎಂದು ಚೀಲಗಳ ನಡುವೆ ನಿಂತು ಚನ್ನಬಸಯ್ಯನವರು ಹೇಳಿದರಂತೆ. "ಇಷ್ಟ ದಿನಾ ಪೆನ್ನ ಹಿಡದು ಜನ್ಮಾ ಹಾಳ ಮಾಡ್ಕೊಂಡ್ನಿ."

ಅವರ ನೌಕರಿ ಹೋಯಿತೆಂಬ ಸುದ್ದಿ ನಮ್ಮ ಓಣಿಗೂ ಬಂದಿತ್ತು. ಸುಳ್ಳೇಕೆ ಹೇಳಲಿ, ನಾನೂ ನಂಬಿದ್ದೆ. ಗಡಿಯಾರಕ್ಕೊಂದು ತೂತು ಬೇಕೆಂದು ಕರೆದೆ. ಅವರು ಹಾಕಿದ ಜಾಗದಲ್ಲಿ ಒಳಗೆ ವಯರಿತ್ತು. ಮನೆಯ ಕರೆಂಟು ಹೋಯಿತು. "ಬೈಬ್ಯಾಡ್ರಿ ಪಾಪ, ಹೊಸದಾಗಿ ಕಲ್ಯಾಕತ್ತಾರ" ಎಂದು ನನ್ನ ಹೆಂಡತಿ ಕಿವಿಯಲ್ಲಿ ಹೇಳಿದಳು. ನಾನು ಕತ್ತಲೆಯಲ್ಲಿಯೇ ಅವರಿಗೆ ಚಾ ಕೊಟ್ಟೆ.

ಉಳಿದಿದ್ದ ಅನುಮಾನವನ್ನು ಅವರ ಮೇಲಧಿಕಾರಿಯ ಜೀಪು ತೀರಿಸಿತು. ಓಣಿಯ ತುದಿಯ ಮನೆಗೆ ಬೋರ್ಡು ಹಾಕಲು ಚನ್ನಬಸಯ್ಯನವರು ಏಣಿ ಹತ್ತಿದ್ದಾಗ ಜೀಪು ಬಂದು ನಿಂತಿತು. ಅಧಿಕಾರಿಗಳು ಮುಖ ಹೊರಗೆ ಹಾಕಿದರು. ಇವರು ಏಣಿಯಿಂದ ಜಾರಿಕೊಂಡೇ ಇಳಿದು, ಮಷೀನು ಬೆನ್ನ ಹಿಂದೆ ಮುಚ್ಚಿಕೊಂಡು, ಬಗ್ಗಿ ಕೈ ಮುಗಿದರು. ಅಧಿಕಾರಿಗಳು ಕೇಳಿದ್ದು ರಜೆ ಯಾವಾಗ ಮುಗಿಯುತ್ತದೆ ಎಂದು, ಇವರು ಹೇಳಿದ್ದು ಸೋಮವಾರ ಬರುತ್ತೇನೆ ಎಂದು. ಅದು ನಮಗೆ ಹೇಗೆ ಕೇಳಬೇಕು? ಕಿಟಕಿಯಿಂದ ನಾವು ನೋಡಿದ್ದು ಕೈ ಮುಗಿದದ್ದನ್ನು, ಜೀಪು ಹಾಗೇ ಹೊರಟುಹೋದದ್ದನ್ನು.

"ಕಾಲ ಹಿಡದ್ರೂ ನೌಕರಿ ವಾಪಸ್ ಕೊಡಲಿಲ್ಲ" ಎಂದು ಓಣಿಯೆಲ್ಲ ಲೊಚಗುಟ್ಟಿತು.

ಎಲ್ಲರಿಗೂ ಇದ್ದ ಚಿಂತೆ ಒಂದೇ, ರಾಜೇಶ್ವರಿಯದು. ಹುಡುಗಿ ಒಳ್ಳೆಯವಳು, ಡಿಗ್ರಿ ಮಾಡಿದವಳು, ಸಂಜೀವಕುಮಾರನನ್ನು ಮನಸಾರೆ ಮೆಚ್ಚಿದವಳು. ಮುದ್ದೇಬಿಹಾಳಕ್ಕೆ ಸುದ್ದಿ ಮುಟ್ಟಿದರೆ ಈ ಸಂಬಂಧ ತಪ್ಪಿದಂತೆಯೇ. ಮುಟ್ಟದಿರಲಪ್ಪಾ ಎಂದು ಬಂಧು ಬಳಗವೆಲ್ಲ ದೇವರಿಗೆ ಕೈ ಮುಗಿಯಿತು. ಕೈ ಮುಗಿಯುವ ಮೊದಲು ಮುದ್ದೇಬಿಹಾಳದ ತಮ್ಮ ಪರಿಚಯದವರಿಗೆಲ್ಲ ಹೇಳಿಯೂ ಇತ್ತು.

ಬೀಗರು ಬರುವ ಭಾನುವಾರ ಬಂತು. ಹಿರಿಯರು ನಾಲ್ಕು ಜನ ಇರಲಿ ಎಂದು ನನ್ನನ್ನೂ ಕರೆದಿದ್ದರು. ಗುಂಡವ್ವ, ಶ್ರೀಶೈಲ ಬೆಳಿಗ್ಗೆಯೇ ಬಂದು ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ಹುಡುಗನ ತಂದೆ ಸಿದ್ದಲಿಂಗಯ್ಯ, ನಿವೃತ್ತ ಹೆಡ್‌ಮಾಸ್ತರರು, ತಾಯಿ ಸುಮಿತ್ರಾಬಾಯಿ, ಹಿಂದೆ ಸಂಜೀವಕುಮಾರ. ಅವನ ಕೊರಳಲ್ಲಿ ಟೈ ಇರಲಿಲ್ಲ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ತಲೆ ತಗ್ಗಿಸಿ ಬಂದವನು ಎಲ್ಲರಿಗಿಂತ ಹಿಂದೆ, ಕಂಬದ ಮರೆಗೆ ಕೂತ.

ಸಿದ್ದಲಿಂಗಯ್ಯನವರು ನೀರನ್ನೂ ಮುಟ್ಟಲಿಲ್ಲ.

"ಬೀಗರ, ನಮಗೆಲ್ಲಾ ಗೊತ್ತಾಗೈತ್ರಿ. ಮುಚ್ಚಿಡೂದು ಬ್ಯಾಡ."

"ಏನ್ ಗೊತ್ತಾಗೈತ್ರಿ?" ಎಂದರು ಚನ್ನಬಸಯ್ಯ, ನಗುತ್ತ.

"ನಿಮ್ಮ ನೌಕರಿ ಹೋಗಿದ್ದು."

ಗುಂಡವ್ವ ಇಷ್ಟು ದಿನ ಬಿಗಿಹಿಡಿದಿದ್ದಳು, ಪಾಪ. "ಯಪ್ಪಾ ನನ್ನ ಶಿವನ!" ಎಂದು ಒಮ್ಮೆಲೇ ಹೊಯ್ಕೊಂಡಳು. ಶ್ರೀಶೈಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಚನ್ನಬಸಯ್ಯನವರು ಎದ್ದು ನಿಂತು ಮತ್ತೆ ಕೂತರು. ಅದನ್ನು ದುಃಖವೆಂದೇ ತಿಳಿದು ಸಿದ್ದಲಿಂಗಯ್ಯನವರು ಅವರ ಕೈ ಹಿಡಿದುಕೊಂಡರು.

"ನಾಚಗೋಬ್ಯಾಡ್ರಿ. ನಾವೂ ನಿಮಗೊಂದು ಮುಚ್ಚಿಟ್ಟೇವಿ. ನಮ್ಮ ಹುಡುಗಂದೂ ನೌಕರಿ ಹೋಗೇತಿ. ಕಂಪನಿ ಬಾಗಲಾ ಹಾಕ್ತು. ಮನಿಗೆ ಬಂದಾವ ಗ್ವಾಡಿ ಕಡೆ ಮುಖಾ ಮಾಡಿ ಮಲಗಿಬಿಟ್ಟ. ಉಣ್ಣವಲ್ಲ, ಹೊರಗ ಬರವಲ್ಲ. ಈ ಸಂಬಂಧ ಬ್ಯಾಡಂತ ಹೇಳಿಬಿಡ್ರಿ, ನನಗ ಅವರಿಗೆ ಮುಖಾ ತೋರಸಾಕ ಆಗೂದಿಲ್ಲ ಅಂದ. ಅಷ್ಟ್ರಾಗ ನಿಮ್ಮ ಸುದ್ದಿ ಬಂತು. ಇಷ್ಟು ವರ್ಷ ಸರ್ಕಾರಿ ಖುರ್ಚಿ ಮ್ಯಾಲೆ ಕುಂತ ಮನುಷ್ಯಾ, ಈ ವಯಸ್ಸಿನ್ಯಾಗ, ಯಾರಿಗೂ ಅಂಜದ ಏಣಿ ಹತ್ಯಾರ, ಊರೂರಿಗೆ ಹೋಗಿ ದುಡ್ಯಾಕತ್ಯಾರ ಅಂತ. ಅದನ್ನ ಕೇಳಿ ಎದ್ದ ಕುಂತ ನೋಡ್ರಿ ನಮ್ಮ ಹುಡುಗ! ಈಗ ಕಿಡಕಿ ಕೂಡಸಾವ್ರ ಜೋಡಿ ಕೆಲಸಕ್ಕ ಹೊಂಟಾನ. ನಿಮ್ಮಂಥಾದ ಒಂದು ಮಷೀನ ತಗೊಂಡಾನ."

"ನನ್ನ ಮಗನ ಜೀವಾ ಉಳಸೀರಿ ಅಣ್ಣಾರ" ಎಂದರು ಸುಮಿತ್ರಾಬಾಯಿ. ಅವರ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ಸಂಜೀವಕುಮಾರ ಎದ್ದು ಬಂದು, ಬಟ್ಟೆ ಸುತ್ತಿದ ಹೆಬ್ಬೆರಳಿನ ಕೈಯಿಂದಲೇ ಚನ್ನಬಸಯ್ಯನವರ ಕಾಲು ಮುಟ್ಟಲು ಬಗ್ಗಿದ.

ಚನ್ನಬಸಯ್ಯನವರು ಸುಟ್ಟವರಂತೆ ಕಾಲು ಹಿಂದೆ ಎಳೆದುಕೊಂಡರು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಒಮ್ಮೆ ಶ್ರೀಶೈಲನನ್ನು ನೋಡಿದರು, ಒಮ್ಮೆ ಮೂಲೆಯಲ್ಲಿದ್ದ ಜೋಳದ ಚೀಲವನ್ನು, ಬೆಲ್ಲದ ಪೆಂಟೆಯನ್ನು. ಎಲ್ಲೆ ಬೇಕಾದಲ್ಲೆ ಹಾಕ್ರಿ ಎಂದದ್ದು, ಬೆನ್ನ ಮೇಲೆ ಕೈ ಇಟ್ಟದ್ದು, ಕತ್ತಲೆಯಲ್ಲಿ ನಾನು ಕೊಟ್ಟ ಚಾ, ಎಲ್ಲವೂ ಒಂದೊಂದಾಗಿ ಅವರಿಗೆ ಅರ್ಥವಾಗುತ್ತ ಹೋಯಿತು. ಕಿವಿ ಕೆಂಪಾದವು. ಸುಮ್ಮನೆ ಇದ್ದುಬಿಟ್ಟಿದ್ದರೆ ಆಗುತ್ತಿತ್ತು, ಮಾತು ಅಲ್ಲಿಗೇ ಪಕ್ಕಾ ಆಗುತ್ತಿತ್ತು. ಆದರೆ ಹುಡುಗ ಇನ್ನೂ ಬಗ್ಗಿಯೇ ಇದ್ದ.

"ನನ್ನ ನೌಕರಿ ಹೋಗಿಲ್ರಿ" ಎಂದರು.

"ಏನಂದ್ರಿ?"

"ಐತ್ರಿ. ರಜಾ ಹಾಕೇನಿ. ನಾಳಿ ಸೋಮವಾರ ಹೋಗಿ ಹಾಜರಾಗೂದೈತಿ."

ಉಳಿದವರು ನೌಕರಿ ಕಳೆದುಕೊಂಡದ್ದನ್ನು ಹೇಳುವಾಗ ಮಾಡುವ ಮುಖ ಮಾಡಿಕೊಂಡು ಅವರು ನೌಕರಿ ಇದೆ ಎಂದು ಹೇಳಿದರು. ಸಿದ್ದಲಿಂಗಯ್ಯನವರು ಹಿಡಿದ ಕೈ ಬಿಟ್ಟರು.

"ಮತ್ತ ಆ ಧಂದೆ?"

"ಅಂಗಡ್ಯಾಗ ಒಬ್ಬಾವ ನಕ್ಕಾರಿ. ಕ್ಯಾಲೆಂಡರ್ ತೂಗ ಹಾಕಾವ ಅಂದ. ಅದಕ್ಕ ಧಂದೆಕ್ಕ ಅಂದೆ."

"ಅಯ್ಯ ನನ್ನಪ್ಪಾ!" ಗುಂಡವ್ವನ ಅಳು ಅರ್ಧಕ್ಕೇ ನಿಂತಿತು. "ನೌಕರಿ ಹೋಗಿಲ್ಲಾ? ಮತ್ತ ನಾ ಇಷ್ಟದಿನಾ ಯಾರಿಗಿ ಅತ್ತೆ?"

"ನಮ್ಮ ಪಡಸಾಲಿ ಗ್ವಾಡಿ ಜರಡಿ ಆಗೈತ್ರಿ ಮಾಮಾರ!" ಎಂದ ಶ್ರೀಶೈಲ. ಅವನ ಸಿಟ್ಟು ನ್ಯಾಯವಾದದ್ದೇ.

ನಗಬೇಕಾದ ಹೊತ್ತು. ಯಾರೂ ನಗಲಿಲ್ಲ. ಸಂಜೀವಕುಮಾರ ನಿಧಾನವಾಗಿ ಎದ್ದು ನಿಂತಿದ್ದ. ಬಂದಾಗ ತಗ್ಗಿಸಿದ್ದಕ್ಕಿಂತ ತಲೆ ಇನ್ನೂ ಕೆಳಗಿತ್ತು. ಸಿದ್ದಲಿಂಗಯ್ಯನವರು ಟೊಪ್ಪಿಗೆ ಕೈಗೆ ತೆಗೆದುಕೊಂಡರು.

"ಇಬ್ಬರೂ ಸರಿಸಮ ಅದೀವಿ ಅಂತ ಬಂದಿದ್ವಿ. ನಿಮಗ ನೌಕರಿ ಐತಿ, ನಮ್ಮ ಹುಡುಗಗ ಇಲ್ಲ. ಇನ್ನ ನಿಮ್ಮ ಮಗಳನ್ನ ನಾವು ಯಾವ ಬಾಯಿಲೆ ಕೇಳೂದ್ರಿ?"

ಮಾತು ತಪ್ಪಿತು ಎಂದು ನಾನು ಅಂದುಕೊಂಡೆ. ಸುನಂದಾಬಾಯಿ ಚಾದ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಆಗ ಅವರ ಹಿಂದಿನಿಂದ ರಾಜೇಶ್ವರಿ ಹೊರಗೆ ಬಂದಳು. ಯಾರೂ ಅವಳನ್ನು ಕರೆದಿರಲಿಲ್ಲ.

"ಅಪ್ಪಾ, ಅವರ ನೌಕರಿ ಹೋಗಿದ್ದು ಖರೇ. ಧಂದೆ ಹಿಡಿದದ್ದೂ ಖರೇ. ನಿಮ್ಮದು ಎರಡೂ ಸುಳ್ಳ. ಹಂಗಿದ್ರೂ ತಲಿ ಕೆಳಗ ಹಾಕಿ ನಿಂತಾವ್ರು ಅವರು."

ಆಮೇಲೆ ಹುಡುಗನ ಕಡೆ ತಿರುಗಿದಳು.

"ನನಗ ನೀವ ಆಗಬೇಕು. ಕೂಡ್ರಿ, ಚಾ ಆರತೈತಿ."

ಸಂಜೀವಕುಮಾರ ತಲೆಯೆತ್ತಿ ನೋಡಿದ. ಅಪ್ಪನನ್ನು ಕೇಳದೆ ಕೂತ. ಅವನು ಕೂತ ಮೇಲೆ ಸಿದ್ದಲಿಂಗಯ್ಯನವರು ಟೊಪ್ಪಿಗೆ ಕೆಳಗಿಟ್ಟರು, ಸುಮಿತ್ರಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ರಾಜೇಶ್ವರಿಯನ್ನು ಪಕ್ಕಕ್ಕೆ ಕರೆದರು. ಮಾತು ಪಕ್ಕಾ ಆಯಿತು. ಗುಂಡವ್ವ ಮೊದಲು ಸಕ್ಕರೆ ಹಂಚಿದಳು, ಆಮೇಲೆ ಫೋನು ತೆಗೆದುಕೊಂಡು ಅಂಗಳಕ್ಕೆ ಓಡಿದಳು.

ಸುನಂದಾಬಾಯಿಯವರ ಕೈಯಿಂದ ತಾಟು ತೆಗೆದುಕೊಂಡು ಚನ್ನಬಸಯ್ಯನವರು ತಾವೇ ಎಲ್ಲರಿಗೂ ಚಾ ಕೊಟ್ಟರು, ಮೊದಲು ಅಳಿಯನಿಗೆ. ಕೊಟ್ಟು ಮುಗಿದ ಮೇಲೂ ಖಾಲಿ ತಾಟು ಹಿಡಿದು ಬಾಗಿಲ ಹತ್ತಿರ ನಿಂತೇ ಇದ್ದರು. ನಾನು ಜರುಗಿ ಜಾಗ ಮಾಡಿದೆ. ಬೀಗರು ಕೂಡ್ರಿ ಎಂದರು, ಹುಡುಗನೂ "ಕೂಡ್ರಿ ಮಾಮಾರ" ಎಂದ. ಅವರು ಕೂಡಲಿಲ್ಲ. ಕಡೆಗೆ ಸುನಂದಾಬಾಯಿ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು.

"ಎಲ್ಲಾರೂ ಕೂಡ್ರಿ ಅನ್ನಾಕತ್ಯಾರ. ಯಾಕ ಹಂಗ ನಿಂತೀರಿ?"

"ಕುಂತ್ರ ಎಲ್ಲಾರ ಮುಖಾ ಎದುರಿಗೆ ಬರ್ತಾವ" ಎಂದರು ಚನ್ನಬಸಯ್ಯನವರು.